ಕಸ್ತೂರಿಯ ಮಾಮ

ಗದಗ, ಫೆಬ್ರವರಿ ಮೂವತ್ತು, 2191

ಇಂಥ ತಾರೀಖು ನಿಮ್ಮ ಪಂಚಾಂಗದಲ್ಲಿಲ್ಲ. ತಿಂಗಳುಗಳನ್ನು ನಾವು ಹೊಸದಾಗಿ ಹಂಚಿಕೊಂಡಿದ್ದೇವೆ. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ಅಪರಿಚಿತವೆನಿಸಬಹುದು. ಕ್ಷಮಿಸಿ. ಮೊದಲು ಸಂಗತಿಗಳನ್ನು ಹೇಳುತ್ತೇನೆ.

೧. ನಮ್ಮ ಕಾಲದಲ್ಲಿ ಒಬ್ಬರ ನೆನಪನ್ನು ತೆಗೆದು ಇನ್ನೊಬ್ಬರಲ್ಲಿ ಕೂಡಿಸಬಹುದು. ಹಾಗೆ ತೆಗೆದ ನೆನಪಿಗೆ ‘ಎಳೆ’ ಎನ್ನುತ್ತೇವೆ.

೨. ಎಳೆ ಎಲ್ಲಿಗೆ ಹೋದರೂ ಅದು ಹುಟ್ಟಿದ ಮಿದುಳಿನ ಗುರುತು ಅದರ ಮೇಲೆ ಉಳಿಯುತ್ತದೆ. ಆ ಗುರುತನ್ನು ತಪಾಸಣೆ ಮಾಡುವುದು ನನ್ನ ಉದ್ಯೋಗ.

೩. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನನ್ನ ಎಳೆಗಳನ್ನೆಲ್ಲ ಯಾರೋ ಕದ್ದರು. ಪ್ರಭಾಕರ ಎಂಬ ಈಗಿನ ಹೆಸರು, ಆಮೇಲೆ ನನಗೆ ಆಸರೆ ಕೊಟ್ಟ ಆಶ್ರಮದವರು ಇಟ್ಟದ್ದು. ಈಗ ನನಗೆ ಐವತ್ತೆರಡು.

೪. ಹೋದ ತಿಂಗಳು ತಪಾಸಣೆಗೆ ಬಂದ ಒಬ್ಬನ ತಲೆಯಲ್ಲಿ ಆ ಎಳೆಗಳು, ನನ್ನ ಮಿದುಳಿನ ಗುರುತಿನೊಂದಿಗೆ, ಸಿಕ್ಕವು. ಅವನ ಹೆಸರು ಮುರಿಗೆಪ್ಪ. ಅದು ನನ್ನ ಹೆಸರು.

ಇಲ್ಲಿ ಮುಖವನ್ನು ಕ್ಷೌರ ಮಾಡಿಸಿಕೊಂಡಷ್ಟೇ ಸಲೀಸಾಗಿ ತಿದ್ದಿಸಿಕೊಳ್ಳಬಹುದು. ಆದ್ದರಿಂದ ಮುಖವನ್ನು ಯಾರೂ ನಂಬುವುದಿಲ್ಲ. ಬಾಡಿಗೆ ಮನೆಗೂ ಮದುವೆಗೂ ಎಳೆಯನ್ನೇ ತೋರಿಸಬೇಕು. ಎಳೆ ಇದ್ದವನೇ ಮನೆಯ ಮಗ. ಎಳೆ ಕದ್ದಾಗಲೇ ನನಗೆ ಬೇರೆ ಮುಖ ಮಾಡಿಸಿದ್ದರು. ಅವನು ನನ್ನ ಹಳೆಯ ಮುಖ ಮಾಡಿಸಿಕೊಂಡು, ನನ್ನ ಬಾಲ್ಯವನ್ನು ಹೊತ್ತು, ನನ್ನ ಅಕ್ಕ ನೀಲಗಂಗಾಳ ಮನೆ ಸೇರಿದ್ದ.

ವಿಳಾಸ ಖಚಿತಪಡಿಸಿಕೊಳ್ಳುವ ನೆಪದಲ್ಲಿ ಅಲ್ಲಿಗೆ ಹೋದೆ. ಅವನು ಗಿರಣಿಗೆ ಹೋಗಿದ್ದ.

“ಒಳಗ ಬರ್ರಿ ಸಾಹೇಬ್ರ. ಚಹಾಕ್ಕ ಸಕ್ಕರಿ ಹಾಕ್ಲೋ, ಅದನ್ನೂ ಮಷೀನಿಗೆ ಕೇಳ್ತೀರೋ?” ಎಂದಳು ಅಕ್ಕ.

ತಮ್ಮನ ವಿಷಯ ಕೇಳಿದೆ. ನಕ್ಕಳು. “ಈಗ ಮೀಸಿ ತಿರುವ್ತಾನ. ಸಣ್ಣಾಂವಿದ್ದಾಗ ಕತ್ತಲಿಗೆ ಭಾಳ ಅಂಜತಿದ್ದ. ನನ್ನ ಸೆರಗು ಹಿಡದs ಮಲಗಾಂವ.”

ನಾನು ಕತ್ತಲಿಗೆ ಅಂಜುತ್ತಿದ್ದೆ ಎಂಬುದು ನನಗೆ ತಿಳಿದದ್ದು ಹೀಗೆ.

ಗೋಡೆಯ ಮೇಲೆ ಒಂದು ಹುಡುಗಿಯ ಚಿತ್ರವಿತ್ತು. “ನನ್ನ ಮಗಳು, ಕಸ್ತೂರಿ. ಒಂಬತ್ತು ತುಂಬಿದ್ವು ನೋಡ್ರಿ, ಜ್ವರ ಬಂದು ಹೋದ್ಲು. ಮಾಮಾ ಬರೂತನಕಾ ಉಣ್ತಿದ್ದಿಲ್ಲ. ಅಂವಾ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಊರೆಲ್ಲಾ ತಿರುಗಸ್ತಿದ್ದ. ಆಕಿ ಹ್ವಾದ ಮ್ಯಾಲೆ ನನಗ ಅನ್ನ ಕಲಿಸಿ ಉಣ್ಣಿಸಿದಾಂವನೂ ಅಂವನs.”

ನಮ್ಮ ಕಾನೂನಿನಲ್ಲಿ ‘ಮರಳಿಕೆ’ ಎಂಬುದೊಂದಿದೆ. ನಾನು ಅರ್ಜಿ ಕೊಟ್ಟರೆ ಎಳೆಗಳು ನನಗೆ ಬರುತ್ತವೆ, ಅವನು ಸೆರೆಮನೆಗೆ ಹೋಗುತ್ತಾನೆ. ಜೊತೆಗೆ, ವಂಚನೆ ನಡೆದ ವರ್ಷಗಳ ನೆನಪನ್ನು ಮನೆಯವರಿಂದಲೂ ತೆಗೆಯುತ್ತಾರೆ, ಕಳ್ಳನಿಗಾಗಿ ಅವರು ಅಳಬಾರದೆಂದು. ಇದನ್ನು ದಯೆಯೆಂದು ಬರೆದಿದ್ದಾರೆ. ಕಸ್ತೂರಿ ಹುಟ್ಟಿದ್ದೂ ಹೋದದ್ದೂ ಆ ವರ್ಷಗಳಲ್ಲೇ. ಮಗುವನ್ನು ಬಿಟ್ಟು ಅವನನ್ನಷ್ಟೇ ಬಿಡಿಸಿ ತೆಗೆಯಲು ಆಗುತ್ತದೆಯೇ ಎಂದು, ಕಚೇರಿಯಲ್ಲಿರುವ ಅಕ್ಕನ ಎಳೆಗಳ ದಾಖಲೆ ತೆಗೆದು ಪರೀಕ್ಷಿಸಿ ನೋಡಿದೆ. ಆಗುವುದಿಲ್ಲ. ಅಕ್ಕನಲ್ಲಿರುವ ಆ ಹುಡುಗಿಯ ಪ್ರತಿಯೊಂದು ನೆನಪಿನಲ್ಲೂ ಅವನಿದ್ದಾನೆ.

ಅಕ್ಕನ ಸೆರಗು ಹಿಡಿದು ಮಲಗಿದ್ದು ಹೇಗಿತ್ತೆಂದು ತಿಳಿಯುವ ಆಸೆ ನನಗೆ ಬಹಳ ಇದೆ. ಅದನ್ನು ಇಲ್ಲಿ ಯಾರಿಗೂ ಹೇಳುವಂತಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಈ ಯಂತ್ರಗಳ ಮೊದಲ ನಕ್ಷೆಗಳು ನಿಮ್ಮ ಕಾಲದವು. ಅವುಗಳಿಗೆ ಕಾನೂನು ಬರೆಯುವಾಗ, ದಯವಿಟ್ಟು, ನೀಲಗಂಗಾಳಂಥವರನ್ನು ಒಂದು ಮಾತು ಕೇಳಿ.

ನಾನು ಅರ್ಜಿ ಕೊಡಲಿಲ್ಲ. ಮುರಿಗೆಪ್ಪನ ವರದಿಯಲ್ಲಿ ‘ಗುರುತು ಸರಿಯಿದೆ’ ಎಂದು ಬರೆದು, ಪ್ರಭಾಕರ ಎಂದು ಸಹಿ ಮಾಡಿದೆ.