ಉಳಿದ ಮುಖ

ಮಿಸೌರಿ ನದಿಯ ಮೇಲ್ದಂಡೆಯ ಕೋಟೆ
ಮಾರ್ಚ್ ೯, ೧೮೪೩

ಪ್ರೀತಿಯ ಹಲ್ಡಾ,

ಅಕ್ಟೋಬರಿನಲ್ಲಿ ನೀನು ಬರೆದ ಪತ್ರ ಮೊನ್ನೆ ಕೈಸೇರಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಇಲ್ಲಿನ ಚಳಿಗೆ ಬಣ್ಣ ಗಟ್ಟಿಯಾಗುತ್ತದೆ. ಅಂಗಿಯೊಳಗೆ ಇಟ್ಟು ಬೆಚ್ಚಗೆ ಮಾಡಿಕೊಂಡೇ ಕೆಲಸ.

ನಾನು ಚಿತ್ರ ಬರೆದಿದ್ದ, ಇಲ್ಲಿನ ಲಕೋಟಾ ಬುಡಕಟ್ಟಿನ ಯುವಕನೊಬ್ಬ ಜ್ವರದಿಂದ ತೀರಿಕೊಂಡ. ಸತ್ತವರ ವಸ್ತುಗಳನ್ನು ಇವರು ಇಟ್ಟುಕೊಳ್ಳುವುದಿಲ್ಲ, ಹಂಚಿಬಿಡುತ್ತಾರೆ. ನಿನ್ನೆ ಅವನ ತಾಯಿ ದುಭಾಷಿಯನ್ನು ಕರೆದುಕೊಂಡು ಬಂದು ಚಿತ್ರದ ಮುಂದೆ ಬಹಳ ಹೊತ್ತು ಕೂತಿದ್ದಳು. ಕೊಡು ಎಂದು ಕೇಳಿದರೆ, ಬಾಸ್ಟನ್ನಿನ ಪ್ರದರ್ಶನಕ್ಕೆ ಬೇಕು ಎನ್ನಲು ನಾನು ಸಿದ್ಧನಾಗಿದ್ದೆ.

"ಅವನ ಕುದುರೆ, ಕಂಬಳಿ, ಬಿಲ್ಲು ಎಲ್ಲಾ ಕೊಟ್ಟಾಯ್ತು," ಎಂದಳು. "ಈ ಮುಖ ಒಂದು ಉಳಿದಿತ್ತು. ನೀನು ಎಲ್ಲರ ಮುಖಾನೂ ಬರೀತೀಯ, ಉಣ್ಣೋಕೆ ಕೂತ್ರೆ ನಿನ್ನ ಪಕ್ಕ ಒಬ್ರೂ ಇಲ್ಲ. ಇದನ್ನ ನಿನಗೇ ಕೊಟ್ಟಿದೀನಿ, ಇಟ್ಕೋ."

ಹಾಗೆ ಕೊಟ್ಟದ್ದನ್ನು ಬಾಸ್ಟನ್ನಿಗೆ ಕಳಿಸಲಾರೆ.

ನಮ್ಮ ಎಬೆನ್‌ನ ಬಟ್ಟೆಗಳನ್ನು ಏನು ಮಾಡಲಿ ಎಂದು ಕೇಳಿದ್ದೀಯ. ನೆರೆಮನೆಯ ಮಕ್ಕಳಿಗೆ ಕೊಟ್ಟುಬಿಡು. ಕೆಂಪು ಕೈಗವಸು ಮಾತ್ರ ನಿನ್ನ ಹತ್ತಿರ ಇರಲಿ. ನೀನು ಒಬ್ಬಳೇ ನಿಂತು ಅವನನ್ನು ಮಣ್ಣು ಮಾಡಿಸಿದ ದಿನ ನಾನಿಲ್ಲಿ ಯಾರ ಮೂಗು ತಿದ್ದುತ್ತಿದ್ದೆನೋ.

ಈ ಸೀಮೆಯಲ್ಲಿ ಅರವತ್ತು ಮುಖ ಬರೆದಿದ್ದೇನೆ. ಮಗನದು ಒಂದೂ ಇಲ್ಲ. ಇವತ್ತು ಬೆಳಿಗ್ಗೆ ಅವನದನ್ನು ಬರೆಯಲು ಕೂತೆ. ಕಣ್ಣು, ಹಣೆ ಬಂದವು. ನಗುವಾಗ ಅವನಿಗೆ ಗುಳಿ ಬೀಳುತ್ತಿದ್ದದ್ದು ಯಾವ ಕೆನ್ನೆಯಲ್ಲಿ, ಹಲ್ಡಾ? ಇತ್ತ ಬರುವ ಮೊದಲ ದೋಣಿಯಲ್ಲೇ ಬರೆದು ತಿಳಿಸು.

ನಿನ್ನ
ಜೋಸೈಯಾ