ಕೋಶವಿಲ್ಲದ ಗುಳಿಯಲ್ಲೂ ನೇರಳೆ

ಪ್ರಯೋಗಾಲಯದ ಹಿಂಬದಿ ಕೋಣೆ,
ಗುರುವಾರ, ಊಟದ ಬಿಡುವು

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಅಜ್ಜಿಗೆ ನಿದ್ದೆ ಬರುತ್ತಿದೆಯೇ, ಇಲ್ಲ ಈಗಲೂ ಎದ್ದು ಬೀರು ತೆಗೆದು ಮಡಚಿದ ಬಟ್ಟೆಗಳನ್ನೇ ಮಡಚುತ್ತಾ ಕೂರುತ್ತಾರೆಯೇ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ. ನಿಜ ಹೇಳಬೇಕೆಂದರೆ, ಎರಡು ದಿನದಿಂದ ಒಂದು ವಿಷಯ ನಿನಗೆ ಹೇಗೆ ಹೇಳುವುದೆಂದೇ ಯೋಚಿಸುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ವಾದಕ್ಕೆ ನಿಲ್ಲುತ್ತೀಯ ಎಂದು ಈ ಕಾಗದವನ್ನು ಇವತ್ತೇ ಊರಿಗೆ ಹೊರಟಿರುವ ಚಿಕ್ಕಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ರೇಡಿಯೋದಲ್ಲಿ ನಮ್ಮ ಸರ್ ಮಾತಾಡಿದ್ದನ್ನು ಕೇಳಿದೆಯಲ್ಲ, ಮಾತೆತ್ತಿದರೆ ಕುದಿಯುತ್ತಾರೆಂದು ನಾವೆಲ್ಲ ಬೆನ್ನ ಹಿಂದೆ ಕುಕ್ಕರ್ ಎನ್ನುತ್ತೇವಲ್ಲ, ಅವರೇ. ನಾವು ಪರೀಕ್ಷಿಸುತ್ತಿರುವ ಎಲೆಯ ಸಾರ ಮಿದುಳಿನ ಕೋಶಗಳನ್ನು ಕಾಯುತ್ತದೆ, ಬೆಳೆಸುತ್ತದೆ ಎಂದರು. ಅದನ್ನು ಕೇಳಿಯೇ ನೀನು ಅಜ್ಜಿಯ ಮರೆವಿನ ಮಾತ್ರೆ ನಿಲ್ಲಿಸಿ ಆ ಎಲೆಯ ಪುಡಿ ಕದಡಿ ಕುಡಿಸತೊಡಗಿದೆ. ಆ ಮಾತಿನ ಹಿಂದಿದ್ದದ್ದು ನನ್ನ ಕೈಯ ಪ್ರಯೋಗ. ಪುಟ್ಟ ಗುಳಿಗಳ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಿ, ಅವನ್ನು ಕೊಲ್ಲುವ ರಾಸಾಯನಿಕವನ್ನೂ ಕಾಯುವ ಸಾರವನ್ನೂ ಹಾಕಿ, ಕೊನೆಗೊಂದು ಹಳದಿ ಬಣ್ಣ ಬಿಡುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಸಾರ ಹೆಚ್ಚಿದಷ್ಟೂ ನೇರಳೆ ಹೆಚ್ಚಿತು. ಎಲ್ಲರೂ ಕುಣಿದಾಡಿದರು.

ಮಂಗಳವಾರ ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ, ಕಡುನೇರಳೆಯಾಗಿದ್ದ ಗುಳಿಯಲ್ಲಿ ಕೋಶಗಳು ಮುದುಡಿ ಬಿದ್ದಿದ್ದವು. ಅನುಮಾನ ಬಂದು, ಕೋಶಗಳನ್ನೇ ಹಾಕದೆ ಬರೀ ಸಾರ ಮತ್ತು ಬಣ್ಣ ಬೆರೆಸಿಟ್ಟೆ. ಅದೂ ನೇರಳೆಯಾಯಿತು! ಇನ್ನೊಮ್ಮೆ ಮಾಡಿ ನೋಡಿದೆ ಅಮ್ಮಾ, ಮತ್ತೆ ಅದೇ ನೇರಳೆ. ಬಣ್ಣ ತಿರುಗಿಸುತ್ತಿದ್ದದ್ದು ಎಲೆಯ ಸಾರವೇ.

ನಿನ್ನೆ ಸರ್ ಕೋಣೆಗೆ ಹೋದೆ. “ನಾಳೆ ಇದನ್ನೇ ಹೇಳೋ ಸಭೆ ಇಟ್ಕೊಂಡು ಈಗ ಬಂದು ಹೇಳ್ತಿದ್ದೀಯಾ?” ಎಂದು ಮೇಜು ಗುದ್ದಿದರು. ನನ್ನ ಕೆಲಸ ಹೋಯಿತು ಅಂದುಕೊಂಡೆ. ಆದರೂ ಬಾಯಿ ನಿಲ್ಲಲಿಲ್ಲ: “ಸರ್, ನಮ್ಮಜ್ಜಿ ಮಾತ್ರೆ ಬಿಟ್ಟು ಇದನ್ನೇ ಕುಡೀತಿದ್ದಾರೆ.” ಅವರು ಕನ್ನಡಕ ತೆಗೆದಿಟ್ಟರು. ಆಮೇಲೆ ಅಂಗಿಯ ತೋಳು ಮಡಚಿಕೊಂಡು ಪ್ರಯೋಗಾಲಯಕ್ಕೆ ಬಂದು, ನನ್ನ ಪಕ್ಕದಲ್ಲೇ ಕೂತು, ಬದುಕಿದ ಕೋಶಗಳನ್ನು ಒಂದೊಂದಾಗಿ ಎಣಿಸಿದರು. ತೀರಾ ಕಡಿಮೆ ಸಾರ ಹಾಕಿದಲ್ಲಿ ಕೆಲವು ನಿಜಕ್ಕೂ ಉಳಿದು, ಉದ್ದುದ್ದ ಎಳೆ ಚಾಚಿದ್ದವು. ಜಾಸ್ತಿ ಹಾಕಿದಲ್ಲಿ ಸತ್ತಿದ್ದವು. ಅದೂ ತಟ್ಟೆಯಲ್ಲಿ. ಕುಡಿದದ್ದು ತಲೆಯವರೆಗೆ ತಲುಪುತ್ತದೋ ಇಲ್ಲವೋ ಎಂಬುದನ್ನು ನಾವಿನ್ನೂ ನೋಡಿಯೇ ಇಲ್ಲ. ಇವತ್ತು ಬೆಳಿಗ್ಗೆ ಸಭೆಯಲ್ಲಿ ಅವರೇ ಎದ್ದು ನಿಂತು, “ನಾನು ಅವಸರಪಟ್ಟೆ” ಅಂದರು. ಕೆಲಸ ಉಳಿದಿದೆ, ಚಿಂತೆ ಮಾಡಬೇಡ.

ಪುಡಿಯನ್ನು ಈಗಲೇ ಎಸೆದುಬಿಡು. ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ಮತ್ತೆ ಹೇಗೆ ಶುರುಮಾಡಬೇಕೆಂದು ಕೇಳು.

ಅಜ್ಜಿಗೆ ನಮಸ್ಕಾರ ತಿಳಿಸು, ಕೆನ್ನೆಗೊಂದು ಮುತ್ತನ್ನೂ ಕೊಡು.

ನಿನ್ನ ಮಗಳು,
ತರಲೆ

ತಾ.ಕ.: ಚಿಕ್ಕಪ್ಪ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ, ಆದರೂ ಇದನ್ನು ಬರೆಯದೆ ಕಳಿಸಲಾರೆ. ಮೊನ್ನೆ ನಾನು ಫೋನ್ ಮಾಡಿದಾಗ ಅಜ್ಜಿ ಎತ್ತಿ, ದನಿ ತಗ್ಗಿಸಿ ಹೇಳಿದರು: “ನಿಮ್ಮಮ್ಮ ಒಲೆ ಹಚ್ಚಿಟ್ಟು ಮರೀತಾಳೆ ಕಣೇ, ನಾನೇ ಹಿಂದೆ ಹೋಗಿ ಆರಿಸ್ತೀನಿ. ಆ ಪುಡೀನ ನನಗಿಂತ ಜಾಸ್ತಿ ಅವಳೇ ಕದ್ದು ಕುಡೀತಾಳೆ.” ನಕ್ಕುಬಿಡೋಣ ಎಂದುಕೊಂಡೆ, ಆಗಲಿಲ್ಲ. ಅಷ್ಟು ಹೆದರಿಕೆಯನ್ನು ಒಬ್ಬಳೇ ನುಂಗಿಕೊಂಡು ಕೂತಿದ್ದೀಯಾ ಅಮ್ಮಾ? ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಡಾಕ್ಟರ ಹತ್ತಿರ ಮೂವರೂ ಹೋಗೋಣ. ಹೇಳಿಕೊಟ್ಟರೆಂದು ಅಜ್ಜಿಯ ಮೇಲೆ ರೇಗಬೇಡ.