ಪಟ್ಟಿಯಲ್ಲಿ ನಿಮ್ಮ ಹೆಸರು

ಅಗರ, ಯಳಂದೂರು ತಾಲ್ಲೂಕು
17-11-2024, ಭಾನುವಾರ ಮಧ್ಯಾಹ್ನ

ನಮ್ಮ ರಮ್ಯಳ ಅಪ್ಪನಿಗೆ ಲಕ್ಷ್ಮಿದೇವಿಯ ನಮಸ್ಕಾರಗಳು.

ಮೊದಲು ಬೆನ್ನಿನ ವಿಚಾರ ಹೇಳಿ. ಇಡೀ ದಿನ ನೀರಿನ ಟ್ಯಾಂಕರ್ ಓಡಿಸಿ ಬೆನ್ನು ಹಿಡಿದುಕೊಂಡಿದೆ ಅಂದಿದ್ದಿರಿ. ಕಳಿಸಿದ ಎಣ್ಣೆ ಹಚ್ಚಿಸಿಕೊಂಡಿರಾ, ಇಲ್ಲ ಬಾಟಲಿ ಮಂಚದ ಕೆಳಗೆ ಹಾಗೇ ಬಿದ್ದಿದೆಯಾ? ಬಿದ್ದಿರುತ್ತದೆ, ನನಗೆ ಗೊತ್ತು. ನಾವೆಲ್ಲ ಚೆನ್ನಾಗಿದ್ದೇವೆ. ರಮ್ಯಳಿಗೆ ಮುಂದಿನ ಎರಡು ಹಲ್ಲು ಬಿದ್ದು ಈಗ ಮಾತಿಗಿಂತ ಗಾಳಿಯೇ ಜಾಸ್ತಿ ಬರುತ್ತದೆ. ನಿಮ್ಮ ತಮ್ಮ ಮಾದು ಬೆಳಗಾದರೆ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಕುಂತೂರು ಫ್ಯಾಕ್ಟರಿಗೆ ಹೋದವನು ಹೊತ್ತು ಮುಳುಗಿದ ಮೇಲೇ ಬರುವುದು. ಮಾವನಿಗೆ ಮಂಡಿ ನೋವು. ಬಾಯಿಗೆ ಮಾತ್ರ ಏನೂ ನೋವಿಲ್ಲ.

ದಿನಾ ಫೋನಿನಲ್ಲಿ ಮಾತಾಡುವವಳು ಈಗ ಕಾಗದ ಯಾಕೆ ಬರೆದಳು ಅಂತ ನಗಬೇಡಿ. ನಿಮ್ಮ ಫೋನು ಬಂತೆಂದರೆ ಮಾವ ಸ್ಪೀಕರ್ ಹಾಕಿಸಿಕೊಂಡು ನನ್ನ ಮಗ್ಗುಲಲ್ಲೇ ಕೂರುತ್ತಾರೆ. ನಿಮ್ಮ ಕಡೆ ನೋಡಿದರೆ ಒಂದು ಕೋಣೆಯಲ್ಲಿ ಎಂಟು ಜನ. ಗಂಡ ಹೆಂಡತಿ ಮಾತಾಡುವುದನ್ನು ಎರಡು ದೇಶದವರು ಕೇಳಿಸಿಕೊಳ್ಳುತ್ತಾರೆ. ಕುಂತೂರಿನ ಉದಯಕುಮಾರ್ ರಜೆ ಮುಗಿಸಿ ನಾಳೆ ಮತ್ತೆ ನೀವಿರುವ ದಮ್ಮಾಮ್‌ಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಈಗ ಮಾವ ರಮ್ಯಳನ್ನು ಕರೆದುಕೊಂಡು ಟೀ ಅಂಗಡಿ ಕಡೆ ಹೋಗಿದ್ದಾರೆ. ಅವರು ಬರುವುದರೊಳಗೆ ಮುಗಿಸಬೇಕು.

ಅಂಗನವಾಡಿ ಕೆಲಸದ ಜೊತೆಗೆ ನಮ್ಮ ಬೂತಿನ ಬಿಎಲ್‌ಒ ಕೆಲಸವೂ ನನ್ನ ತಲೆಗೇ ಬಂದಿರುವುದು ನಿಮಗೆ ಗೊತ್ತಲ್ಲ. ಮನೆಮನೆಗೆ ಹೋಗಿ ಓಟರ್ ಪಟ್ಟಿ ಹಿಡಿದು ಯಾರಿದ್ದಾರೆ, ಯಾರು ತೀರಿಕೊಂಡರು, ಯಾರು ಊರು ಬಿಟ್ಟರು ಅಂತ ನೋಡಿ ಬರೆಯಬೇಕು. ನಾನು ಬರೆದುಕೊಟ್ಟಂತೆ ಆಫೀಸಿನವರು ನೋಟೀಸು ಕೊಟ್ಟು ಹೆಸರು ತೆಗೆಯುತ್ತಾರೆ. ಈ ಸಲ ಹನ್ನೊಂದು ಹೆಸರು ಬರೆದುಕೊಟ್ಟೆ. ಅದರಲ್ಲಿ ಎದುರು ಮನೆ ಚಿಕ್ಕಮಾದಮ್ಮನ ಮಗ ನಿಂಗಯ್ಯನದೂ ಒಂದು. ಅವನು ಹೆಂಡತಿ ಮಕ್ಕಳ ಸಮೇತ ತಿರುಪ್ಪೂರು ಸೇರಿ ಆರು ವರ್ಷವಾಯಿತು. ಚಿಕ್ಕಮಾದಮ್ಮ ನನ್ನ ಮೇಲೆ ಬೆಂಕಿಯಾಗಿ, ಯಳಂದೂರಿನ ತಾಲ್ಲೂಕು ಆಫೀಸಿಗೆ ತಕರಾರು ಅರ್ಜಿ ಕೊಟ್ಟಳು. ಕಳೆದ ಗುರುವಾರ ನಮ್ಮಿಬ್ಬರನ್ನೂ ಕರೆದರು.

ಅಲ್ಲಿ ಆದದ್ದನ್ನು ಕೇಳಿ. ಬಿಎಲ್‌ಒಗಳ ಮೇಲಿನ ಸೂಪರ್‌ವೈಸರು ನಮ್ಮ ಬೀದಿಯ ಪಟ್ಟಿಯನ್ನು ಗಟ್ಟಿಯಾಗಿ ಓದಿ ಅಂದರು. ನಾನು ಪಟಪಟ ಓದುತ್ತಾ ಹೋದೆ. ನಮ್ಮ ಮನೆ ಬಂತು. ಮಾವನ ಹೆಸರು ಓದಿದೆ, ಮಾದುವಿನದು ಓದಿದೆ, ನನ್ನದು ಓದಿದೆ, ಪಕ್ಕದ ಮನೆಗೆ ಹೋದೆ. ಅವರು ನಿಲ್ಲಿಸಿದರು. ಈ ಮನೇಲಿ ನಾಲ್ಕು ಹೆಸರಿದೆ, ನೀವು ಮೂರೇ ಓದಿದಿರಿ, ನಾಲ್ಕನೆಯದು ಯಾರದು ಓದಿ ಅಂದರು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಿಮ್ಮ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲೂ ಹೇಳಿಲ್ಲ, ನಿಮ್ಮ ಅವ್ವನ ಎದುರಿಗಂತೂ ಇಲ್ಲವೇ ಇಲ್ಲ. ನಾಲಿಗೆ ತಾನಾಗಿಯೇ ದಾಟಿಕೊಂಡು ಹೋಗಿತ್ತು. ಆ ಹೆಸರಿನ ಮೇಲೆ ಬೆರಳಿಟ್ಟು ಪಟ್ಟಿಯನ್ನು ಅವರ ಕಡೆ ತಿರುಗಿಸಿದೆ. ನನ್ನನ್ನು ಕಾಪಾಡುವುದಕ್ಕೆ ಬಾಯಿ ಹಾಕಿದವಳು ಚಿಕ್ಕಮಾದಮ್ಮನೇ. ‘ಅದು ಅವ್ಳ್ ಗಂಡನ್ ಎಸ್ರು ಕಣ್ ಸಾ, ಏಳಾಕಿಲ್ಲ ಅವ್ಳು’ ಅಂತ ನಕ್ಕಳು. ನಕ್ಕವಳು ಹಾಗೇ ತಡೆದಳು. ‘ಅಲ್ಲಾ ಕಣಮ್ಮಿ, ಅವ್ನೂ ಊರಲ್ಲಿಲ್ವಲ್ಲಾ! ನನ್ ಮಗ ತಿರುಪ್ಪೂರ್‌ಗೋದ್ರೆ ಒಡ್ದಾಕ್ತೀಯ, ನಿನ್ ಗಂಡ ಸಮುದ್ರ ದಾಟೋದ್ರೆ ಮಡಿಕ್ಕತೀಯಾ?’

ಆಫೀಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅವಳು ಕೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ನಾಲ್ಕು ವರ್ಷದಿಂದ ಪಟ್ಟಿ ಪರಿಷ್ಕರಣೆ ಬಂದಾಗಲೆಲ್ಲ ನಿಮ್ಮ ಹೆಸರಿನ ಮುಂದೆ ‘ಇದ್ದಾರೆ’ ಅಂತ ಗುರುತು ಹಾಕುತ್ತಾ ಬಂದವಳು ನಾನು. ಈ ವರ್ಷ ಬರುತ್ತೀರಿ, ಮುಂದಿನ ವರ್ಷ ಬರುತ್ತೀರಿ ಅಂದುಕೊಂಡೇ ಹಾಕಿದೆ. ಸೂಪರ್‌ವೈಸರು ಕೂಗಾಡಲಿಲ್ಲ, ಒಳ್ಳೆಯ ಮನುಷ್ಯರು. ಹೊರದೇಶದಲ್ಲಿರುವವರಿಗೆ ಬೇರೆ ಫಾರಂ ಇದೆ, ಆರು-ಎ ಅಂತ. ಅದಕ್ಕೆ ನಿಮ್ಮ ಸಹಿ, ಫೋಟೊ, ಈಗಿನ ಪಾಸ್‌ಪೋರ್ಟಿನ ಮತ್ತು ವೀಸಾದ ಪ್ರತಿ ಬೇಕು. ಸೋಮವಾರದೊಳಗೆ ಅದನ್ನು ತಂದುಕೊಡಿ, ಇಲ್ಲದಿದ್ದರೆ ಗಂಡ ಊರಲ್ಲಿಲ್ಲ ಅಂತ ನೀವೇ ಬರೆದುಕೊಡಿ, ಎರಡೂ ಆಗದಿದ್ದರೆ ನಾನು ಮೇಲಕ್ಕೆ ಬರೆಯಬೇಕಾಗುತ್ತದೆ ಅಂದರು. ಸೋಮವಾರ ಅಂದರೆ ನಾಳೆ.

ಮನೆಗೆ ಬಂದು ಮಾವನಿಗೆ ಹೇಳಿದ್ದೇ ತಪ್ಪಾಯಿತು. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಪುಟ್ಟಮಾದಮ್ಮ ಅನ್ನುವ ಹೆಸರನ್ನು ತೆಗೆಸಲು ಬರೆದುಕೊಟ್ಟವಳು ನಾನೇ. ಮಾವ ನನ್ನ ಪಕ್ಕದಲ್ಲೇ ನಿಂತು ಪೆನ್ನು ಆಡುವುದನ್ನು ನೋಡಿದ್ದರು. ಅವರ ಲೆಕ್ಕದಲ್ಲಿ ಪಟ್ಟಿಯಿಂದ ಹೋಗುವವರು ಸತ್ತವರು ಮಾತ್ರ. ‘ಬದುಕಿರೋ ಮಗನ್ ಎಸ್ರ ಒಡ್ದೀಯಾ? ಕಟ್ಕಂಡ ಎಡ್ತಿನೇ ಒಡ್ದೀಯಾ?’ ಅಂದವರು ಅವತ್ತು ರಾತ್ರಿ ಊಟಕ್ಕೆ ಏಳಲಿಲ್ಲ. ಬೇಸಿಗೆಯ ಓಟಿನಲ್ಲಿ ಅವರು ಮಾಡಿದ್ದನ್ನು ಮಾದು ನಿಮಗೆ ಹೇಳಿರಬೇಕು. ದೇವರ ಗೂಡಿನಲ್ಲಿಟ್ಟಿದ್ದ ನಿಮ್ಮ ಓಟರ್ ಕಾರ್ಡಿಗೆ ಕುಂಕುಮ ಹಚ್ಚಿ ಬೂತಿಗೇ ತೆಗೆದುಕೊಂಡು ಹೋಗಿದ್ದರು. ‘ಯಾವ್ದುಕ್ಕೆ ಒತ್ಬೇಕು ಅಂತ ಫೋನಲ್ ಏಳವ್ನೆ ಸಾ, ಅವ್ನುದ್ನೂ ನಾನೇ ಒತ್ಬುಡ್ತೀನಿ’ ಅಂತ ಸಾಲು ನಿಲ್ಲಿಸಿಕೊಂಡು ವಾದ. ಇಡೀ ಬೂತು ನಕ್ಕಿತ್ತು. ಮೊನ್ನೆ ಮತ್ತೆ ಅದೇ ವಾದ. ‘ಒಡೆಯರಪಾಳ್ಯದ ಟಿಬೆಟ್ನೋರು ಇಲ್ ಕುಂತ್ಕಂಡೇ ಅವ್ರ್ ದೇಶದ್ ಓಟ ಅವ್ರು ಆಕ್ಕತಾರೆ. ನನ್ ಮಗ ಅಲ್ ಕುಂತ್ಕಂಡು ಯಾಕಾಕ್ಬಾರ್ದು?’ ಆರು-ಎ ಫಾರಂ ತುಂಬಿದರೂ ಓಟಿನ ದಿನ ನೀವೇ ಪಾಸ್‌ಪೋರ್ಟು ಹಿಡಿದು ಅಗರದ ಸ್ಕೂಲಿನ ಸಾಲಿನಲ್ಲಿ ನಿಲ್ಲಬೇಕು ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ಹಾಗಾಗಿ ಗುರುವಾರದಿಂದ ನಿಮ್ಮ ಜೀವ ತಿನ್ನುತ್ತಿದ್ದೇನೆ, ಪಾಸ್‌ಪೋರ್ಟಿನ ಫೋಟೊ ಕಳಿಸಿ ಅಂತ. ಒಂದು ದಿನ ಕರೆಂಟಿಲ್ಲ ಅಂದಿರಿ. ಅರಬ್ಬರ ದೇಶದಲ್ಲೂ ನಮ್ಮೂರಿನ ಹಾಗೆ ಕರೆಂಟು ಹೋಗುತ್ತದೆಯೇ ಅಂದುಕೊಂಡೆ. ಮಾರನೆ ದಿನ ಪೆಟ್ಟಿಗೆಯ ಬೀಗದ ಕೈ ಸಿಗುತ್ತಿಲ್ಲ ಅಂದಿರಿ. ನಿನ್ನೆ, ‘ನಾಳೆ ಕಳಿಸ್ತೀನಿ ಮಡಗು’ ಅಂತ ನೀವೇ ಫೋನು ಇಟ್ಟುಬಿಟ್ಟಿರಿ. ಯಾವತ್ತೂ ನೀವು ಮೊದಲು ಇಟ್ಟವರಲ್ಲ. ಹಳೆಯ ಪಾಸ್‌ಪೋರ್ಟಿನ ಜೆರಾಕ್ಸು ಟ್ರಂಕಿನಲ್ಲಿದೆ, ಅದರ ಅವಧಿ ಮುಗಿದಿದೆ. ನಿಮ್ಮ ಸಹಿ ಹಾಕುವುದು ನನಗೆ ಬರುತ್ತದೆ. ಇವತ್ತು ಬೆಳಗ್ಗೆ ಹಾಕಿಯೂ ನೋಡಿದೆ, ನಿಮಗಿಂತ ಚೆನ್ನಾಗಿ ಬಂತು. ಆಮೇಲೆ ಚಿಕ್ಕಮಾದಮ್ಮನ ಮುಖ ನೆನಪಾಗಿ ಹರಿದು ಒಲೆಗೆ ಹಾಕಿದೆ.

ಹೆಸರು ಉಳಿಸಿದರೆ ಬೀದಿಯಲ್ಲಿ ತಲೆ ಎತ್ತುವಂತಿಲ್ಲ, ಕೆಲಸಕ್ಕೂ ಕುತ್ತು. ತೆಗೆದರೆ ಮಾವನ ಮುಖ ನೋಡುವಂತಿಲ್ಲ. ಬಾಗಿಲಿಗೆ ಬಂದರೆ ಎದುರಿಗೆ ಚಿಕ್ಕಮಾದಮ್ಮ ಜಗಲಿಯ ಮೇಲೆ ಕೂತಿರುತ್ತಾಳೆ, ಒಳಕ್ಕೆ ಬಂದರೆ ದೇವರ ಗೂಡಿನಲ್ಲಿ ನಿಮ್ಮ ಕಾರ್ಡು. ನಾನೇನು ದೊಡ್ಡದು ಕೇಳಿದೆ ನಿಮ್ಮನ್ನು? ಒಂದು ಫೋಟೊ. ಅಷ್ಟಕ್ಕೂ ಆಗದಷ್ಟು ದೂರವಾದೆವಾ ನಾವು ಅಂತ ನಿನ್ನೆಯಿಂದ ನಿಮ್ಮ ಮೇಲೆ ಕೋಪ ಬಂದಿದೆ. ಬರೆಯುತ್ತಾ ಕೂತರೂ ಇಳಿಯುತ್ತಿಲ್ಲ.

ಮಾವ ಬರುವ ಸದ್ದಾಯಿತು. ಹುರುಳಿಕಾಳಿನ ಪುಡಿ, ಉಪ್ಪಿನಕಾಯಿ ಕಟ್ಟಿಟ್ಟಿದ್ದೇನೆ, ಎಂಟು ಜನಕ್ಕೂ ಹಂಚಿಬಿಡಬೇಡಿ. ರಮ್ಯ ತನ್ನ ಬಿದ್ದ ಹಲ್ಲನ್ನು ನಿಮಗೆ ಕಳಿಸಬೇಕೆಂದು ಹಟ ಹಿಡಿದಳು, ಪೊಟ್ಟಣದಲ್ಲಿದೆ, ಬಿಸಾಡಬೇಡಿ. ಮಾದಪ್ಪ ನಿಮ್ಮನ್ನು ಕಾಯಲಿ.

ಇಂತಿ ನಿಮ್ಮ,
ಲಕ್ಷ್ಮಿದೇವಿ

ಮರೆತ ಮಾತು: ಸೋಮವಾರ ಬೆಳಗ್ಗೆ. ಉದಯಕುಮಾರ್ ಬಂದು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾನೆ, ನಾನು ನಿಂತುಕೊಂಡೇ ಬರೆಯುತ್ತಿದ್ದೇನೆ. ಅವನ ಅಂಗಿಯ ಜೇಬಿನಲ್ಲಿ ಅವನ ಪಾಸ್‌ಪೋರ್ಟು ಕಾಣುತ್ತಿತ್ತು. ನಮ್ಮವರದು ಯಾಕಪ್ಪ ಸಿಗುತ್ತಿಲ್ಲ ಅಂತ ಕೇಳಿದೆ. ಮೊದಲು ತಡವರಿಸಿದ. ಆಮೇಲೆ, ‘ಅಣ್ಣನ್ ಪಾಸ್‌ಪೋರ್ಟ ಅವ್ರ್ ಕಂಪ್ನಿಯೋರು ಇಸ್ಕಂಡು ಎಲ್ಡೂವರೆ ವರ್ಸ ಆಯ್ತು ಕಣಕ್ಕಾ. ಕೇಳುದ್ರೆ ಕೊಡಾಕಿಲ್ಲ. ಮನೇಲ್ ಏಳ್ಬ್ಯಾಡ ಅಂತ ಆಣೆ ಆಕ್ಸ್ಕಂಡಿದ್ರು’ ಅಂದ.

ಅತ್ತೆ ಹೋದಾಗ ರಜೆ ಸಿಗಲಿಲ್ಲ ಅಂದಿರಿ. ಮಾದು ಕೊಳ್ಳಿಯಿಟ್ಟ. ಹೆತ್ತವಳಿಗಿಂತ ದುಡಿಮೆ ಹೆಚ್ಚಾಯಿತಾ ಇವರಿಗೆ ಅಂತ ಒಂದು ವರ್ಷ ಮನಸ್ಸಿನಲ್ಲೇ ನಿಮ್ಮನ್ನು ಬೈದಿದ್ದೇನೆ. ತಪ್ಪಾಯಿತು ನನ್ನದು. ಅದನ್ನೆಲ್ಲ ಒಬ್ಬರೇ ನುಂಗಿಕೊಂಡು ಕೂರಲು ನಾನೇನು ಸತ್ತಿದ್ದೆನಾ?

ಮಾವ ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ಎದ್ದು ಗೂಡಿನಿಂದ ನಿಮ್ಮ ಕಾರ್ಡು ತೆಗೆದು ನನ್ನ ಬ್ಯಾಗಿಗೆ ತಾವೇ ಹಾಕಿದರು. ‘ಒಡ್ದಾಕಮ್ಮಿ. ಓಟ್ ಕಟ್ಕಂಡು ಏನಾಗ್ಬೇಕು. ಮಗ ಬರ್ಲಿ’ ಅಂದರು.

ಒಂಬತ್ತೂವರೆ ಬಸ್ಸಿಗೆ ಯಳಂದೂರಿಗೆ ಹೋಗಿ ನಿಮ್ಮ ಹೆಸರು ತೆಗೆಯಲು ಬರೆದುಕೊಡುತ್ತೇನೆ. ಅದೇ ಪೆನ್ನಿನಲ್ಲಿ ನಮ್ಮ ಎಂಬಸಿಗೂ ಅರ್ಜಿ ಬರೆಯುತ್ತೇನೆ, ಅರ್ಜಿ ಬರೆಯುವುದು ನನಗೆ ಕೆಲಸವೇ. ನೀವು ಹೆದರಬೇಡಿ. ಕಂಪನಿಯ ಹೆಸರು, ಯಾವ ದಿನ ಇಸಿದುಕೊಂಡರು, ಯಾರು ಇಸಿದುಕೊಂಡರು, ಇಷ್ಟನ್ನು ಬರೆದು ಉದಯಕುಮಾರನ ಫೋನಿನಿಂದ ನನಗೆ ಕಳಿಸಿ. ಈ ಸಲ ನಾಳೆ ಅನ್ನಬೇಡಿ.

ತೆಗೆದ ಹೆಸರು ಮತ್ತೆ ಸೇರಿಸಲು ಬರುತ್ತದೆ. ನೀವು ಬಂದು ಅರ್ಜಿ ಹಾಕಬೇಕು, ಬಿಎಲ್‌ಒ ಮನೆ ಬಾಗಿಲಿಗೆ ಬಂದು ಆಳನ್ನು ಕಣ್ಣಾರೆ ನೋಡಿ ಬರೆದುಕೊಳ್ಳಬೇಕು. ನಮ್ಮ ಬೀದಿಗೆ ಬಿಎಲ್‌ಒ ನಾನೇ. ಫಾರಂ ಹಿಡಿದು ಬಾಗಿಲಲ್ಲಿ ನಿಂತು ಈ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳುತ್ತೇನೆ. ಹೆಸರು ನೀವೇ ಹೇಳಬೇಕು.